ವಿಜಯ ಸಮುವೇಲ ಹಜಾರೆಯವರ ಜೀವಿತ



೨೦೨೫ನೆಯ ಇಸವಿಯ ಜನವರಿ ತಿಂಗಳಿನಲ್ಲಿ ನಮ್ಮ ಕರ್ನಾಟಕದ ಕ್ರಿಕೆಟ್ ತಂಡದವರು ಬರೋಡಾ ಪಟ್ಟಣದ ಬಳಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ವಿದರ್ಭದವರನ್ನು ಸೋಲಿಸಿ, ವಿಜಯ ಹಜಾರೆ ಪಾರಿತೋಷಕವನ್ನು ಐದನೆಯ ಬಾರಿಗೆ ತಮ್ಮದಾಗಿ ಮಾಡಿಕೊಂಡರು. ಸೋಮವಾರದ ಬೆಳಗಿನ ಪ್ರಾರ್ಥನೆಯಾದ ಮೇಲೆ ಈ ಸಮಾಚಾರವನ್ನು ನಮ್ಮ ಬಾಲಕಿಯೊಬ್ಬಳು ಎಲ್ಲರ ಮುಂದೆ ಓದಿದಳು. ಆ ಬಳಿಕ ಎಂಟನೆಯ ತರಗತಿಯ ಮತ್ತೊಬ್ಬ ಬಾಲಕಿಯು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, ವಿಜಯ ಹಜಾರೆ ಎಂಬುದು ಯಾವ ಕಂಪೆನಿಯ ಹೆಸರೆಂದು ಕೇಳಿದಳು. ಪಾರಿತೋಷಕಗಳಿಗೆ ಸಿಮೆಂಟಿನ ಹೆಸರನ್ನೂ ಸೋಪಿನ ಹೆಸರನ್ನೂ ಇಡುವ ಕಾಲವಾದುದರಿಂದ ಆಕೆಯ ಪ್ರಶ್ನೆಯಲ್ಲಿ ನಗತಕ್ಕದ್ದೇನೂ ಇರಲಿಲ್ಲ. ಉಪಾಧ್ಯಾಯಿನಿಯರ ಕೊಠಡಿಯಲ್ಲಿ ವಿಚಾರಿಸಲಾಗಿ ಅಲ್ಲಿಯೂ ಇಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ. ಅದು ಒಬ್ಬ ಮನುಷ್ಯನ ಹೆಸರೆಂದೂ, ಆತನು ನಮ್ಮ ಹಾಗೆಯೇ ಮಿಷನ್ ಶಾಲೆಯಲ್ಲಿ ಓದಿದವನೆಂದೂ, ಒಬ್ಬ ಉಪಾಧ್ಯಾಯರ ಮಗನೆಂದೂ ನಾನು ಹೇಳಿದಾಗ ಆ ಹುಡುಗಿಯ ಕಣ್ಣುಗಳು ಅರಳಿದವು. ಗಂಟೆ ಹೊಡೆದುದರಿಂದ ಅಂದು ಮಾತು ಅಲ್ಲಿಗೇ ನಿಂತಿತು. ಉಳಿದುದನ್ನು ಈ ಸಂಚಿಕೆಯಲ್ಲಿ ಬರೆಯುತ್ತೇನೆ.

ವಿಜಯ ಸಮುವೇಲ ಹಜಾರೆಯವರು ೧೯೧೫ನೆಯ ಇಸವಿ ಮಾರ್ಚಿ ೧೧ನೆಯ ತಾರೀಖಿನಲ್ಲಿ ಸಾಂಗ್ಲಿಯಲ್ಲಿ ಜನಿಸಿದರು. ಸಾಂಗ್ಲಿಯು ಆಗ ಪಟವರ್ಧನ ಮನೆತನದವರು ಆಳುತ್ತಿದ್ದ ಚಿಕ್ಕ ಸಂಸ್ಥಾನದ ರಾಜಧಾನಿ. ಇಂದು ಅದು ಮಹಾರಾಷ್ಟ್ರದ ಒಂದು ಜಿಲ್ಲೆಯ ಮುಖ್ಯ ಪಟ್ಟಣವಾಗಿದ್ದರೂ ಕನ್ನಡ ನಾಡಿಗೆ ಅಪರಿಚಿತವಾದ ಊರಲ್ಲ. ಕೃಷ್ಣಾ ನದಿಯು ಆ ಊರಿನ ದಡವನ್ನು ಮುಟ್ಟಿಯೇ ನಮ್ಮ ನಾಡಿಗೆ ಇಳಿದು ಬರುತ್ತದೆ. ಆ ಸಂಸ್ಥಾನಕ್ಕೆ ಸೇರಿದ್ದ ಶಿರಹಟ್ಟಿ, ತೇರದಾಳ, ಶಹಾಪುರ ಎಂಬ ಭಾಗಗಳು ಇಂದು ಕರ್ನಾಟಕದಲ್ಲಿಯೇ ಇವೆ. ಸಾಂಗ್ಲಿ ಜಿಲ್ಲೆಯ ಜತ್ತ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ನೆರೆಯ ಮೀರಜಿನಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾದ ವಾನ್‌ಲೆಸ್ ದೊರೆಗಳು ಸ್ಥಾಪಿಸಿದ ಆಸ್ಪತ್ರೆಗೆ ಬೆಳಗಾವಿ ಬಿಜಾಪುರಗಳ ಕಡೆಯ ರೋಗಿಗಳು ತಲೆಮಾರುಗಳಿಂದ ಹೋಗಿ ಬರುತ್ತಿದ್ದಾರೆ. ಹಜಾರೆಯವರ ಮನೆಮಾತು ಮರಾಠಿ; ಅವರ ಮನೆತನದವರು ಪ್ರೊಟೆಸ್ಟೆಂಟ್ ಕ್ರೈಸ್ತರು.

ತಂದೆ ಶಾಲೆಯ ಉಪಾಧ್ಯಾಯರು. ಮಕ್ಕಳು ಎಂಟು ಮಂದಿ. ಉಪಾಧ್ಯಾಯರ ಸಂಬಳದಲ್ಲಿ ಎಂಟು ಮಕ್ಕಳಿಗೆ ಊಟ ಬಟ್ಟೆ ಒದಗಿಸುವುದೆಂದರೇನೆಂಬುದನ್ನು ನಿಮ್ಮಲ್ಲಿ ಕೆಲವರು ನಾನು ಹೇಳದೆಯೇ ಬಲ್ಲಿರಿ. ಬಾಲಕನನ್ನು ಸಾಂಗ್ಲಿಯ ಪ್ರೆಸ್ಬಿಟೇರಿಯನ್ ಮಿಷನ್ನಿನ ಕೈಗಾರಿಕಾ ಶಾಲೆಗೆ ಸೇರಿಸಿದರು. ಬಡವರ ಮಕ್ಕಳು ಅಕ್ಷರದೊಂದಿಗೆ ಕಸುಬನ್ನೂ ಕಲಿತು ತಮ್ಮ ಅನ್ನವನ್ನು ತಾವೇ ಸಂಪಾದಿಸಲೆಂದು ಮಿಷನ್ನಿನವರು ಸ್ಥಾಪಿಸಿದ ಶಾಲೆಗಳಲ್ಲಿ ಅದೂ ಒಂದು. ಆ ಬಾಲಕನಿಗೆ ಕೊನೆಗೆ ಅನ್ನವನ್ನು ಕೊಟ್ಟ ಕಸುಬು ಶಾಲೆಯ ಪಾಠಪಟ್ಟಿಯಲ್ಲಿ ಬರೆದಿರದ ಕಸುಬಾಯಿತು.

ಇಲ್ಲಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ಅಮೆರಿಕಾ ದೇಶದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟವಿದೆ. ನೀವು ಸಾಯಂಕಾಲ ಆಡುವ ರೌಂಡರ್ಸ್ ಆಟಕ್ಕೂ ಅದಕ್ಕೂ ಹತ್ತಿರದ ನೆಂಟಸ್ತಿಕೆ. ಆ ಆಟದಲ್ಲಿ ಬೇಬ್ ರೂತ್ ಎಂಬವರು ೧೯೨೭ನೆಯ ವರ್ಷ ಒಂದರಲ್ಲಿಯೇ ಅರುವತ್ತು ಬಾರಿ ಚೆಂಡನ್ನು ಮೈದಾನದ ಆಚೆಗೆ ಹೊಡೆದು ಲೋಕಪ್ರಸಿದ್ಧರಾದರು. ಅವರೂ ಬಾಲ್ಟಿಮೋರ್ ನಗರದಲ್ಲಿ ಕ್ರೈಸ್ತ ಸಹೋದರರು ನಡೆಸುತ್ತಿದ್ದ ಒಂದು ಕೈಗಾರಿಕಾ ಶಾಲೆಯಲ್ಲಿ ಬೆಳೆದವರೇ. ಇಬ್ಬರ ಸ್ವಭಾವಗಳಿಗೆ ಮಾತ್ರ ಅಜಗಜಾಂತರ. ರೂತರು ಎಲ್ಲಿ ಹೋದರೂ ಗದ್ದಲ, ನಗು, ಭೋಜನ. ಹಜಾರೆಯವರೋ, ಶತಕವನ್ನು ಹೊಡೆದು ಬಂದ ದಿನವೂ ಮೂಲೆಯಲ್ಲಿ ಸುಮ್ಮನೆ ಕುಳಿತುಕೊಳ್ಳುವ ಮನುಷ್ಯರು.

ಹಜಾರೆಯವರು ೧೯೩೪-೩೫ರಲ್ಲಿ ಮಹಾರಾಷ್ಟ್ರ ತಂಡದ ಪರವಾಗಿ ದೊಡ್ಡ ಪಂದ್ಯಗಳನ್ನು ಆಡಲಾರಂಭಿಸಿದರು. ಆ ಕಾಲದಲ್ಲಿ ಆಟದಿಂದ ಜೀವನ ಸಾಗಿಸುವುದು ಸುಲಭವಾಗಿರಲಿಲ್ಲ. ಇಂದಿನ ಆಟಗಾರರಿಗೆ ದೊರೆಯುವ ಕೋಟಿಗಳನ್ನು ಕೇಳಿದವರಿಗೆ ಇದು ನಂಬಲರ್ಹವೆನಿಸದೆ ಇದ್ದೀತು. ಶ್ರೀಮಂತರು ಸಂತೋಷಕ್ಕಾಗಿ ಆಡುತ್ತಿದ್ದರು. ಬಡವನಾದವನು ಯಾವನಾದರೊಬ್ಬ ಅರಸನ ಆಶ್ರಯವನ್ನು ಪಡೆದು, ಆತನ ಸಂಸ್ಥಾನದಲ್ಲಿ ಒಂದು ಉದ್ಯೋಗದ ಹೆಸರಿನಲ್ಲಿ ಸಂಬಳ ತೆಗೆದುಕೊಂಡು ಆಡಬೇಕಾಗಿತ್ತು. ಇಂಗ್ಲೆಂಡಿನಲ್ಲಂತೂ ಹಣಕ್ಕಾಗಿ ಆಡುವವರಿಗೂ ಹಣ ತೆಗೆದುಕೊಳ್ಳದವರಿಗೂ ಬೇರೆ ಬೇರೆ ಹೆಸರು, ಎಷ್ಟೋ ಮೈದಾನಗಳಲ್ಲಿ ಒಳಗೆ ಬರುವ ಬಾಗಿಲು ಸಹ ಬೇರೆ ಬೇರೆ. ಆ ಭೇದವನ್ನು ಅವರು ೧೯೬೨ರಲ್ಲಿ ತೆಗೆದುಹಾಕಿದರು. ಕೂಲಿ ತೆಗೆದುಕೊಂಡು ಕೆಲಸವನ್ನು ಚೆನ್ನಾಗಿ ಮಾಡುವುದರಲ್ಲಿ ಅವಮಾನವೇನಿದೆಯೋ ನನಗೆ ತಿಳಿಯದು. ನಾವು ಉಪಾಧ್ಯಾಯಿನಿಯರೂ ಸಂಬಳಕ್ಕೇ ಪಾಠ ಹೇಳುವವರು.

ಹಜಾರೆಯವರಿಗೂ ದೇಶೀಯ ಅರಸರ ಆಶ್ರಯವು ದೊರೆಯಿತು. ಅದರಿಂದಲೇ ಆಸ್ಟ್ರೇಲಿಯಾದ ಪ್ರಖ್ಯಾತ ಬೌಲರಾದ ಕ್ಲಾರಿ ಗ್ರಿಮೆಟ್ಟರ ಬಳಿ ಕಲಿಯುವ ಸುಯೋಗವು ಅವರಿಗೆ ಲಭಿಸಿತು. ಗ್ರಿಮೆಟ್ಟರು ದೇಶ ದೇಶಗಳ ನಡುವಣ ಟೆಸ್ಟ್ ಪಂದ್ಯಗಳಲ್ಲಿ ೨೧೬ ವಿಕೆಟ್ಟುಗಳನ್ನು ಪಡೆದಿದ್ದವರು. ಹಜಾರೆಯವರು ಬ್ಯಾಟು ಹಿಡಿದು ನಿಲ್ಲುವ ಕ್ರಮವು ನೋಡುವುದಕ್ಕೆ ಅಂದವಾಗಿರಲಿಲ್ಲ. ಬ್ಯಾಟನ್ನು ಎರಡು ಕಾಲುಕವಚಗಳ ನಡುವೆ ಇಟ್ಟುಕೊಂಡು, ಕೈಗಳನ್ನು ದೂರದೂರ ಹಿಡಿದು, ಸ್ವಲ್ಪ ಬಗ್ಗಿ ನಿಲ್ಲುತ್ತಿದ್ದರು. ಪುಸ್ತಕದಂತೆ ಕಲಿಸುವ ಗುರುವಾಗಿದ್ದರೆ ಮೊದಲ ದಿನವೇ ಅದನ್ನು ತಿದ್ದಲು ಹೊರಡುತ್ತಿದ್ದರು. ಗ್ರಿಮೆಟ್ಟರು ಶಿಷ್ಯನ ನಿಲುವನ್ನು ಮುಟ್ಟಲು ಹೋಗಲಿಲ್ಲ. ಚೆಂಡನ್ನು ಹೊಡೆಯಬೇಕಾದ ಕ್ಷಣದಲ್ಲಿ ಬ್ಯಾಟು ಇರಬೇಕಾದ ಸ್ಥಳದಲ್ಲಿ ಇರುವುದನ್ನು ಅವರು ಕಂಡುಕೊಂಡಿದ್ದರು. ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಕೋಲಿನಿಂದ ಹೊಡೆಯುತ್ತಿದ್ದ ದಿನಗಳನ್ನು ನೆನೆದು ನಾನು ಈ ಸಂಗತಿಯನ್ನು ಉಪಾಧ್ಯಾಯಿನಿಯರಿಗೆ ಮತ್ತೆ ಮತ್ತೆ ಹೇಳುವುದುಂಟು.

೧೯೩೯-೪೦ರಲ್ಲಿ ಹಜಾರೆಯವರು ಪುಣೆಯಲ್ಲಿ ಬರೋಡಾ ತಂಡಕ್ಕೆ ವಿರುದ್ಧವಾಗಿ ಆಡಿ, ಔಟಾಗದೆ ೩೧೬ ರನ್ನುಗಳನ್ನು ಮಾಡಿದರು. ರಣಜಿ ಪಂದ್ಯಗಳ ಚರಿತ್ರೆಯಲ್ಲಿ ಒಬ್ಬನೇ ಮುನ್ನೂರು ಮಾಡಿದ್ದು ಅದೇ ಮೊದಲು. ತಾವು ಹಾಗೆ ಬಳಲಿಸಿದ ಬರೋಡಾ ತಂಡವನ್ನೇ ಅವರು ೧೯೪೧ರಲ್ಲಿ ಸೇರಿದರು. ಅಂದಿನಿಂದ ಕಡೆಯ ತನಕ ಆ ಊರೇ ಅವರ ಊರಾಯಿತು.

ಈಗ ನಾನು ವಿಸ್ತಾರವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ.

ಆ ದಿನಗಳಲ್ಲಿ ಬೊಂಬಾಯಿ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪಂದ್ಯಗಳು ದೇಶಕ್ಕೆಲ್ಲಾ ದೊಡ್ಡವಾಗಿದ್ದವು. ತಂಡಗಳನ್ನು ಊರಿನ ಪ್ರಕಾರವಾಗಿ ಅಲ್ಲ, ಮತದ ಪ್ರಕಾರವಾಗಿ ಕಟ್ಟುತ್ತಿದ್ದರು. ಹಿಂದೂಗಳದು ಒಂದು ತಂಡ, ಮುಸಲ್ಮಾನರದು ಒಂದು, ಪಾರ್ಸಿಗಳದು ಒಂದು, ಯೂರೋಪಿಯನರದು ಒಂದು. ಹಾಗಾದರೆ ಈ ದೇಶದ ಕ್ರೈಸ್ತರು ಎಲ್ಲಿ? ಅವರಿಗೆ ಬಹುಕಾಲ ಸ್ಥಳವೇ ಇರಲಿಲ್ಲ. ೧೯೩೭ರಲ್ಲಿ ಐದನೆಯದೊಂದು ತಂಡವನ್ನು ಸೇರಿಸಿದರು. ದೇಶೀಯ ಕ್ರೈಸ್ತರು, ಆಂಗ್ಲೋ ಇಂಡಿಯನರು, ಯೆಹೂದ್ಯರು, ಬೌದ್ಧರು ಮುಂತಾದವರೆಲ್ಲರೂ ಆ ಒಂದೇ ತಂಡದಲ್ಲಿ ಕೂಡಿದರು. ಅದಕ್ಕೆ ಇಟ್ಟ ಹೆಸರು ಉಳಿದವರು ಎಂದು. ಎಲೆಗಳನ್ನು ಹಾಕಿ ಎಲ್ಲರೂ ಕುಳಿತುಕೊಂಡ ಮೇಲೆ ಬಾಗಿಲ ಬಳಿ ನಿಂತಿರುವವರನ್ನು ಕರೆಯುವ ಹೆಸರಿನಂತೆ ಅದು ನನಗೆ ತೋರುತ್ತದೆ. ಮತದ ಹೆಸರಿನಲ್ಲಿ ಆಟವಾಡುವುದೇ ತಪ್ಪೆಂದು ಮಹಾತ್ಮಾ ಗಾಂಧಿಯವರು ೧೯೪೦ರಲ್ಲಿ ತಮ್ಮ ಅಸಮ್ಮತಿಯನ್ನು ತಿಳಿಸಿದ್ದರು. ಅವರ ಅಭಿಪ್ರಾಯವೇ ಸರಿಯಾದುದೆಂದು ನಾನೂ ನಂಬುತ್ತೇನೆ. ಆ ಪಂದ್ಯಗಳು ೧೯೪೬ರಲ್ಲಿ ನಿಂತುಹೋದುದು ಒಳ್ಳೆಯದೇ ಆಯಿತು. ಹಾಗಿದ್ದರೂ ನಡೆದ ಸಂಗತಿಯು ನಡೆದದ್ದೇ ಸರಿ.

೧೯೪೩ರ ಪಂದ್ಯಗಳಲ್ಲಿ ಉಳಿದವರ ತಂಡವು ಮೊದಲು ಮುಸಲ್ಮಾನರನ್ನು ಎದುರಿಸಿತು. ಹಜಾರೆಯವರು ೨೪೮ ರನ್ನುಗಳನ್ನು ಮಾಡಿ, ವಿಜಯ ಮರ್ಚೆಂಟರ ಹೆಸರಿನಲ್ಲಿ ಆ ಪಂದ್ಯಗಳಲ್ಲಿದ್ದ ೨೪೩ ರನ್ನುಗಳ ದಾಖಲೆಯನ್ನು ಮುರಿದರು. ಅಂತಿಮ ಪಂದ್ಯವು ಡಿಸೆಂಬರ್ ತಿಂಗಳಲ್ಲಿ ಬ್ರಾಬೋರ್ನ್ ಮೈದಾನದಲ್ಲಿ ಹಿಂದೂಗಳ ತಂಡದೊಂದಿಗೆ. ಮರ್ಚೆಂಟರು ಸುಮ್ಮನಿರಲಿಲ್ಲ, ಔಟಾಗದೆ ೨೫೦ ಮಾಡಿ ದಾಖಲೆಯನ್ನು ಹಿಂದಕ್ಕೆ ತೆಗೆದುಕೊಂಡರು. ಹಿಂದೂಗಳ ತಂಡವು ಐದೇ ವಿಕೆಟ್ಟುಗಳನ್ನು ಕಳೆದುಕೊಂಡು ೫೮೧ ರನ್ನುಗಳನ್ನು ಗುಡ್ಡೆ ಹಾಕಿ ಆಟವನ್ನು ಬಿಟ್ಟುಕೊಟ್ಟಿತು. ಉಳಿದವರು ಆಡಲು ಹೋಗಿ ೧೩೩ಕ್ಕೆ ಮುಗಿದರು. ಅದರಲ್ಲಿ ಹಜಾರೆಯವರದು ೫೯. ಕ್ರಮದಂತೆ ಒಡನೆಯೇ ಎರಡನೆಯ ಬಾರಿ ಆಡಬೇಕಾಯಿತು. ಮತ್ತೆ ೬೦ ರನ್ನುಗಳಾಗುವಷ್ಟರಲ್ಲಿ ಐದು ವಿಕೆಟ್ಟುಗಳು ಹೋದವು. ಪಂದ್ಯವನ್ನು ನೋಡಲು ಬಂದಿದ್ದವರು ಮನೆಗೆ ಹೊರಡಲು ಕೊಡೆಯನ್ನೂ ಟೋಪಿಯನ್ನೂ ಹುಡುಕಿಕೊಳ್ಳತಕ್ಕ ಸಮಯ.

ಆಗ ಹಜಾರೆಯವರೊಂದಿಗೆ ಆಡಲು ಬಂದವರು ಅವರ ಒಡಹುಟ್ಟಿದ ವಿವೇಕ ಹಜಾರೆಯವರು. ಅಣ್ಣತಮ್ಮಂದಿರಿಬ್ಬರೂ ಸೇರಿ ೩೦೦ ರನ್ನುಗಳನ್ನು ಕೂಡಿಸಿದರು. ಆ ಮುನ್ನೂರರಲ್ಲಿ ವಿವೇಕರು ಮಾಡಿದ್ದು ೨೧ ಮಾತ್ರ! ಗಂಟೆಗಟ್ಟಲೆ ಅವರು ತಮ್ಮ ಕಡೆಯ ವಿಕೆಟ್ಟನ್ನು ಕಾಯುತ್ತಾ ನಿಂತರು; ವಿಜಯರು ಹೊಡೆಯುತ್ತಾ ಹೋದರು. ನಮ್ಮ ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ನೀವು ನೋಡಿರುವಿರಿ: ಹಾಸು ಬಿಗಿಯಾಗಿ ನಿಂತಿದ್ದರಲ್ಲವೇ ಲಾಳಿಯು ಆಚೆಗೂ ಈಚೆಗೂ ಓಡುವುದು? ಸೀರೆಯ ಸೆರಗಿನಲ್ಲಿ ಕಾಣುವುದು ಹೊಕ್ಕಿನ ಬಣ್ಣವೇ, ನಿಜ. ವಿವೇಕರ ಆ ಇಪ್ಪತ್ತೊಂದು ರನ್ನುಗಳನ್ನು ನೂರಕ್ಕಿಂತ ಹೆಚ್ಚೆಂದು ಎಣಿಸಲು ನನಗೆ ಸಂಕೋಚವಿಲ್ಲ.

ಕೊನೆಗೆ ತಂಡದ ಒಟ್ಟು ಮೊತ್ತವು ೩೮೭ ಆಯಿತು. ಅದರಲ್ಲಿ ವಿಜಯ ಹಜಾರೆಯವರೊಬ್ಬರೇ ಮಾಡಿದ್ದು ೩೦೯. ಮಿಕ್ಕ ಹತ್ತು ಮಂದಿಯೂ ಇತರ ರನ್ನುಗಳೂ ಸೇರಿ ೭೮. ಅಂಕಗಣಿತದ ತರಗತಿಯವರು ಲೆಕ್ಕ ಮಾಡಿ ನೋಡಿರಿ. ನೂರಕ್ಕೆ ಎಂಬತ್ತರಷ್ಟು ಬರುವುದು. ಇಷ್ಟಾದರೂ ಉಳಿದವರು ಗೆಲ್ಲಲಿಲ್ಲ. ಒಂದು ಇನ್ನಿಂಗ್ಸು ಮತ್ತು ೬೧ ರನ್ನುಗಳಿಂದ ಸೋತರು. ಮರ್ಚೆಂಟರ ದಾಖಲೆಯು ಒಂದು ವಾರವೂ ಬಾಳಲಿಲ್ಲವೆಂಬುದೊಂದೇ ಹಜಾರೆಯವರ ಕಡೆಯವರಿಗೆ ಉಳಿದ ಸಮಾಧಾನ. ಆದರೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಇದ್ದ ಗೌರವವು ಇದರಿಂದ ಕಡಿಮೆಯಾಗಲಿಲ್ಲ. ಮರ್ಚೆಂಟರು ಅದೇ ಋತುವಿನಲ್ಲಿ ರಣಜಿ ಪಂದ್ಯದಲ್ಲಿ ೩೫೯ ಮಾಡಿದರೆಂಬುದನ್ನೂ ನ್ಯಾಯವಾಗಿ ಇಲ್ಲಿ ಹೇಳಬೇಕು.

ಕಳೆದ ತಾಲ್ಲೂಕು ಕ್ರೀಡಾಕೂಟದಲ್ಲಿ ನಮ್ಮ ಥ್ರೋಬಾಲ್ ತಂಡದವರು ಸೋತು ಬಂದು ವ್ಯಾನಿನಲ್ಲಿ ಅಳುತ್ತಿದ್ದಾಗ ನಾನು ಅವರಿಗೆ ಈ ೩೦೯ರ ಕಥೆಯನ್ನು ಹೇಳಿದೆನು. ಅವರ ಅಳು ನಿಲ್ಲಲಿಲ್ಲ. ಅದು ಸಹಜವೇ. ಹಜಾರೆಯವರೂ ಆ ರಾತ್ರಿ ಸಂತೋಷವಾಗಿ ನಿದ್ರೆ ಮಾಡಿದರೆಂದು ನಾನೇನೂ ನಂಬುವುದಿಲ್ಲ.

೧೯೪೬ರಲ್ಲಿ ಭಾರತದ ತಂಡವು ಇಂಗ್ಲೆಂಡಿಗೆ ಪ್ರಯಾಣ ಮಾಡಿದಾಗ ಹಜಾರೆಯವರೂ ಹೋದರು. ಲಾರ್ಡ್ಸ್ ಮೈದಾನದಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದರು. ಆಗ ಅವರಿಗೆ ವಯಸ್ಸು ೩೧. ಯುದ್ಧವು ಅವರ ಒಳ್ಳೆಯ ವರ್ಷಗಳನ್ನು ನುಂಗಿಹಾಕಿತ್ತು. ಶೆಫೀಲ್ಡಿನಲ್ಲಿ ಯಾರ್ಕ್‌ಷೈರ್ ತಂಡದ ಎದುರಿಗೆ ಔಟಾಗದೆ ೨೪೪ ಮಾಡಿದ್ದು ಆ ಪ್ರಯಾಣದಲ್ಲಿ ಅವರ ಮುಖ್ಯವಾದ ಕಾರ್ಯ.

ಮರುವರ್ಷ, ೧೯೪೭ರ ಮಾರ್ಚಿಯಲ್ಲಿ, ಬರೋಡಾದಲ್ಲಿಯೇ ರಣಜಿ ಅಂತಿಮ ಪಂದ್ಯವು ನಡೆಯಿತು. ಎದುರಾಳಿಗಳು ಹೋಳ್ಕರ್ ಸಂಸ್ಥಾನದವರು. ನಮ್ಮ ಮೈಸೂರಿನವರಿಗೆ ಆ ಹೋಳ್ಕರ್ ತಂಡದವರ ನೆನಪು ಅಷ್ಟು ಬೇಗ ಮಾಸುವಂಥದ್ದಲ್ಲ. ಅದರ ಹಿಂದಿನ ವರ್ಷವೇ ಇಂದೂರಿನಲ್ಲಿ ಅವರು ಮೈಸೂರಿನ ಮೇಲೆ ಎಂಟು ವಿಕೆಟ್ಟುಗಳಿಗೆ ೯೧೨ ರನ್ನುಗಳನ್ನು ಹೊಡೆದಿದ್ದರು. ಆರು ಮಂದಿ ಶತಕಗಳನ್ನು ಮಾಡಿದ್ದರು. ಮೈಸೂರಿನ ಬಿ. ಕೆ. ಗರುಡಾಚಾರರು ಅಂದು ೩೦೧ ರನ್ನುಗಳನ್ನು ಕೊಟ್ಟು ನಾಲ್ಕು ವಿಕೆಟ್ಟುಗಳನ್ನು ಪಡೆದು, ಬಳಿಕ ತಾವೇ ೧೬೪ ಮಾಡಿದರು. ಅಂತಹ ಹೋಳ್ಕರ್ ತಂಡವು ಬರೋಡಾದಲ್ಲಿ ೨೦೨ಕ್ಕೆ ಮುಗಿಯಿತು. ಬರೋಡಾದವರದು ೯೧ ರನ್ನುಗಳಿಗೆ ಮೂರು ವಿಕೆಟ್ಟುಗಳು ಹೋಗಿದ್ದಾಗ ಹಜಾರೆಯವರೂ ಗುಲ್ ಮಹಮ್ಮದರೂ ಜೊತೆಯಾದರು. ಗುಲ್ ಮಹಮ್ಮದರು ಲಾಹೋರಿನವರು, ಗಿಡ್ಡ ಆಳು, ಎಡಗೈ ಆಟಗಾರರು, ಬಾಣದಂತೆ ಓಡುವವರು. ಇವರಿಬ್ಬರೂ ಸೇರಿ ೫೭೭ ರನ್ನುಗಳನ್ನು ಕೂಡಿಸಿದರು. ಗುಲ್ ಮಹಮ್ಮದರದು ೩೧೯, ಹಜಾರೆಯವರದು ೨೮೮. ಲೋಕದ ಯಾವ ದೇಶದಲ್ಲಿಯೂ ಯಾವ ವಿಕೆಟ್ಟಿಗೂ ಇಬ್ಬರು ಆಟಗಾರರು ಅದುವರೆಗೆ ಅಷ್ಟನ್ನು ಕೂಡಿಸಿರಲಿಲ್ಲ. ದೇಶವು ಎರಡು ಭಾಗವಾಗುವುದಕ್ಕೆ ಆಗ ಐದು ತಿಂಗಳು ಉಳಿದಿತ್ತು. ಪಂಜಾಬದಲ್ಲಿ ಆಗಲೇ ಮನೆಗಳು ಉರಿಯಲಾರಂಭಿಸಿದ್ದವು. ಬರೋಡಾದ ಆ ಮೈದಾನದಲ್ಲಿ ಸಾಂಗ್ಲಿಯ ಕ್ರೈಸ್ತನೂ ಲಾಹೋರಿನ ಮುಸಲ್ಮಾನನೂ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾ ಓಡುತ್ತಿದ್ದರು.

ಅದೇ ವರ್ಷದ ಕೊನೆಯಲ್ಲಿ ಸ್ವತಂತ್ರ ಭಾರತದ ತಂಡವು ಮೊದಲ ಬಾರಿಗೆ ಆಸ್ಟ್ರೇಲಿಯಾಕ್ಕೆ ಹೋಯಿತು. ಎದುರಿಗೆ ಡಾನ್ ಬ್ರಾಡ್ಮನ್, ಲಿಂಡ್ವಾಲ್, ಮಿಲ್ಲರ್ ಮೊದಲಾದವರು. ಮರ್ಚೆಂಟರು ಆ ಪ್ರಯಾಣಕ್ಕೆ ಹೋಗಲಾಗಲಿಲ್ಲವಾದುದರಿಂದ ಭಾರವು ಹಜಾರೆಯವರ ಮೇಲೆ ಹೆಚ್ಚಾಗಿ ಬಿತ್ತು. ೧೯೪೮ರ ಜನವರಿ ೨೩ರಂದು ಅಡಿಲೇಡ್ ಪಟ್ಟಣದಲ್ಲಿ ನಾಲ್ಕನೆಯ ಟೆಸ್ಟ್ ಪಂದ್ಯವು ಪ್ರಾರಂಭವಾಯಿತು. ಆಸ್ಟ್ರೇಲಿಯಾದವರು ೬೭೪ ಮಾಡಿದರು. ಬ್ರಾಡ್ಮನ್ನರು ೨೦೧ ಮಾಡಿದ ಮೇಲೆ ಅವರ ವಿಕೆಟ್ಟನ್ನು ಉರುಳಿಸಿದವರು ಹಜಾರೆಯವರೇ. ಹಜಾರೆಯವರು ಚೆಂಡೆಸೆಯುವುದರಲ್ಲಿಯೂ ನಿಪುಣರು. ಸಿಡ್ನಿಯಲ್ಲಿ ಬ್ರಾಡ್ಮನ್ನರನ್ನು ೧೩ಕ್ಕೇ ಕೆಡವಿದ್ದರು.

ಭಾರತದವರು ಆಡತೊಡಗಿದರು. ೧೩೩ಕ್ಕೆ ಐದು ವಿಕೆಟ್ಟುಗಳು ಹೋದವು. ಹಜಾರೆಯವರೂ ದತ್ತೂ ಫಡಕರರೂ ಸೇರಿ ೧೮೮ ಕೂಡಿಸಿದರು. ಹಜಾರೆಯವರು ೧೧೬, ಫಡಕರರು ೧೨೩, ಒಟ್ಟು ೩೮೧. ಮತ್ತೆ ಒಡನೆಯೇ ಆಡಬೇಕಾಗಿ ಬಂತು. ಈ ಸಲ ಲಿಂಡ್ವಾಲರ ವೇಗಕ್ಕೆ ಮೊದಲ ಇಬ್ಬರು ರನ್ನಿಲ್ಲದೆ ಹಿಂದಿರುಗಿದರು. ಹಲಗೆಯ ಮೇಲೆ ಇನ್ನೂ ಸೊನ್ನೆಯಿರುವಾಗಲೇ ಹಜಾರೆಯವರು ಒಳಗೆ ನಡೆದರು. ಆ ಇನ್ನಿಂಗ್ಸಿನಲ್ಲಿ ಭಾರತದ ಆರು ಮಂದಿ ಸೊನ್ನೆಗೆ ಔಟಾದರು. ಲಿಂಡ್ವಾಲರು ೩೮ ರನ್ನುಗಳಿಗೆ ಏಳು ವಿಕೆಟ್ಟುಗಳನ್ನು ಪಡೆದರು. ಬರುವವರು ಬಂದರು, ಹೋಗುವವರು ಹೋದರು. ಹಜಾರೆಯವರು ಮಾತ್ರ ತಲೆ ಬಗ್ಗಿಸಿಕೊಂಡು, ಒಂದು ಚೆಂಡಾದ ಮೇಲೆ ಮತ್ತೊಂದರಂತೆ, ತಮ್ಮ ಕೆಲಸವನ್ನು ಮಾಡುತ್ತಲೇ ಇದ್ದರು. ಹೇಮು ಅಧಿಕಾರಿಯವರೊಬ್ಬರು ೫೧ ಮಾಡಿ ಜೊತೆಗೊಟ್ಟರು. ಒಟ್ಟು ೨೭೭ರಲ್ಲಿ ಹಜಾರೆಯವರದು ೧೪೫. ಒಂದೇ ಟೆಸ್ಟ್ ಪಂದ್ಯದ ಎರಡು ಇನ್ನಿಂಗ್ಸುಗಳಲ್ಲಿಯೂ ಶತಕ ಮಾಡಿದ ಮೊದಲ ಭಾರತೀಯನು ಹಜಾರೆಯವರು. ಇನ್ನೊಬ್ಬ ಭಾರತೀಯನು ಆ ಕಾರ್ಯವನ್ನು ಮಾಡಿದ್ದು ೧೯೭೧ರಲ್ಲಿ. ಆತನು ಸುನೀಲ್ ಗವಾಸ್ಕರ್.

ಪಂದ್ಯವು ಜನವರಿ ೨೮ರಂದು ಮುಗಿಯಿತು. ಭಾರತಕ್ಕೆ ಒಂದು ಇನ್ನಿಂಗ್ಸು ಮತ್ತು ೧೬ ರನ್ನುಗಳ ಸೋಲು. ಎರಡು ದಿನಗಳ ಮೇಲೆ ದೆಹಲಿಯಲ್ಲಿ ಮಹಾತ್ಮರ ಕೊಲೆಯಾಯಿತು. ಸಮುದ್ರದಾಚೆಯಲ್ಲಿದ್ದ ನಮ್ಮ ಆಟಗಾರರಿಗೂ ಆ ವಾರ್ತೆಯು ತಲುಪಿತು. ಎರಡು ಶತಕಗಳ ಸಂತೋಷವನ್ನು ಅನುಭವಿಸುವ ಅವಕಾಶವು ಹಜಾರೆಯವರಿಗೆ ಎಷ್ಟು ದೊರೆತಿತೋ ನೀವೇ ಊಹಿಸಿಕೊಳ್ಳಿರಿ.

೧೯೪೯ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ವೆಸ್ಟ್ ಇಂಡೀಸ್ ತಂಡದ ಎದುರಿಗೆ ಅವರು ೧೨೨ ಮಾಡಿ ಭಾರತವನ್ನು ಮೊದಲ ಟೆಸ್ಟ್ ವಿಜಯದ ಹೊಸ್ತಿಲವರೆಗೆ ಕೊಂಡೊಯ್ದರು. ೩೬೧ ಬೇಕಾಗಿತ್ತು, ಎಂಟು ವಿಕೆಟ್ಟುಗಳಿಗೆ ೩೫೫ ಆಗಿತ್ತು. ಆರು ರನ್ನುಗಳು ಉಳಿದಿರುವಾಗ, ಇನ್ನೂ ಸ್ವಲ್ಪ ಸಮಯವಿದ್ದಂತೆಯೇ, ಅಂಪೈರರು ಆಟವು ಮುಗಿಯಿತೆಂದು ಬೇಲ್ಸುಗಳನ್ನು ತೆಗೆದುಬಿಟ್ಟರು. ಗಡಿಯಾರವನ್ನು ಸರಿಯಾಗಿ ನೋಡುವುದೂ ಒಂದು ವಿದ್ಯೆಯೇ!

ಅದೇ ವರ್ಷ ಹಜಾರೆಯವರು ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ರಾಟನ್‌ಸ್ಟಾಲ್ ಎಂಬ ಊರಿನ ಕ್ಲಬ್ಬಿನವರಿಗೆ ಸಂಬಳದ ಆಟಗಾರರಾಗಿ ಹೋದರು. ಬಳಿಕ ರಾಯ್ಟನ್ ಎಂಬ ಊರಿನವರಿಗಾಗಿಯೂ ಆಡಿದರು. ಅವು ಹತ್ತಿಯ ಗಿರಣಿಗಳ ಊರುಗಳು. ವಾರವೆಲ್ಲಾ ಮಗ್ಗಗಳ ಮುಂದೆ ನಿಂತ ಕೆಲಸಗಾರರು ಶನಿವಾರ ಮಧ್ಯಾಹ್ನ ಹಣ ಕೊಟ್ಟು ಒಳಗೆ ಬಂದು, ತಾವು ಸಂಬಳ ಕೊಟ್ಟು ಕರೆಸಿದ ಒಬ್ಬನೇ ಆಟಗಾರನು ಏನು ಮಾಡುವನೆಂದು ನೋಡುತ್ತಿದ್ದರು. ಅಲ್ಲಿಯ ಚಳಿ, ಮಳೆ, ಒದ್ದೆಯಾದ ಮೈದಾನ. ಮಾತು ಕಡಿಮೆಯಾದ ಸಾಂಗ್ಲಿಯ ಮನುಷ್ಯ. ಹೇಗೆ ಕಾಲ ಕಳೆದರೋ!

೧೯೫೧ರಲ್ಲಿ ಅವರನ್ನು ಭಾರತ ತಂಡದ ನಾಯಕರನ್ನಾಗಿ ನಿಯಮಿಸಿದರು. ದೆಹಲಿಯಲ್ಲಿ ಇಂಗ್ಲೆಂಡಿನ ಎದುರಿಗೆ ಅವರು ಔಟಾಗದೆ ೧೬೪, ಹಳೆಯ ಸ್ಪರ್ಧಿಯಾದ ಮರ್ಚೆಂಟರು ೧೫೪ ಮಾಡಿದರು; ಇಬ್ಬರೂ ಸೇರಿ ೨೧೧ ಕೂಡಿಸಿದರು. ಅದು ಮರ್ಚೆಂಟರ ಕಡೆಯ ಟೆಸ್ಟ್ ಪಂದ್ಯ. ಅದರ ಮುಂದಿನ ಪಂದ್ಯವು ಬೊಂಬಾಯಿಯಲ್ಲಿ. ಅಲ್ಲಿ ಹಜಾರೆಯವರು ೧೫೫ ಮಾಡಿದರು. ಅದೇ ಪಂದ್ಯದಲ್ಲಿ ರಿಜ್‌ವೇ ಎಂಬ ಬೌಲರನ ಚೆಂಡು ಅವರ ತಲೆಗೆ ಬಡಿಯಿತು. ಆಗ ಈಗಿನಂತೆ ಶಿರಸ್ತ್ರಾಣಗಳಿರಲಿಲ್ಲ.

೧೯೫೨ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಐದನೆಯ ಪಂದ್ಯವು ನಡೆಯಿತು. ಮೊದಲ ದಿನವೇ ಆರನೆಯ ಜಾರ್ಜ್ ದೊರೆಗಳು ತೀರಿಕೊಂಡರೆಂಬ ವರ್ತಮಾನ ಬಂದುದರಿಂದ ಮರುದಿನ ಆಟವನ್ನು ನಿಲ್ಲಿಸಿದರು. ವಿನೂ ಮಂಕಡರು ಹನ್ನೆರಡು ವಿಕೆಟ್ಟುಗಳನ್ನು ಪಡೆದರು. ಪಂಕಜ ರಾಯರೂ ಪಾಲಿ ಉಮ್ರಿಗರರೂ ಶತಕಗಳನ್ನು ಮಾಡಿದರು. ಭಾರತವು ಒಂದು ಇನ್ನಿಂಗ್ಸು ಮತ್ತು ೮ ರನ್ನುಗಳಿಂದ ಗೆದ್ದಿತು. ೧೯೩೨ರಲ್ಲಿ ಟೆಸ್ಟ್ ಆಡಲಾರಂಭಿಸಿದ ದೇಶವು ಇಪ್ಪತ್ತೈದನೆಯ ಪಂದ್ಯದಲ್ಲಿ ಪಡೆದ ಮೊದಲನೆಯ ಜಯವದು. ಆ ಜಯದ ನಾಯಕನ ಹೆಸರು ವಿಜಯನೆಂದೇ ಇದ್ದುದು ಒಂದು ಚಂದ. ಅವರು ಸ್ವತಃ ಆ ಪಂದ್ಯದಲ್ಲಿ ೨೦ ರನ್ನುಗಳನ್ನು ಮಾತ್ರ ಮಾಡಿದ್ದರು.

ಹೊಗಳುವುದೊಂದನ್ನೇ ಮಾಡಿದರೆ ಚರಿತ್ರೆಯಾಗುವುದಿಲ್ಲ. ಹಜಾರೆಯವರು ನಾಯಕತ್ವಕ್ಕೆ ತಕ್ಕವರಾಗಿರಲಿಲ್ಲವೆಂಬುದು ಹೆಚ್ಚಿನವರ ಅಭಿಪ್ರಾಯ. ಧೈರ್ಯವಾಗಿ ಮುನ್ನುಗ್ಗಬೇಕಾದಲ್ಲಿ ಅವರು ಕಾದು ನೋಡುತ್ತಿದ್ದರು. ಗಟ್ಟಿಯಾಗಿ ಆಜ್ಞೆ ಮಾಡುವುದು ಅವರ ಸ್ವಭಾವದಲ್ಲಿರಲಿಲ್ಲ. ೧೪ ಟೆಸ್ಟ್ ಪಂದ್ಯಗಳಲ್ಲಿ ನಾಯಕರಾಗಿದ್ದು ಮದರಾಸಿನ ಆ ಒಂದನ್ನು ಮಾತ್ರ ಗೆದ್ದರು. ನಾಯಕತ್ವದ ಚಿಂತೆಯು ಅವರ ಆಟವನ್ನು ಕೆಡಿಸಿತೆಂದು ಮರ್ಚೆಂಟರೇ ಮುಂದೆ ವ್ಯಸನಪಟ್ಟರು. ನನ್ನ ಅಭಿಪ್ರಾಯವೂ ಹಾಗೆಯೇ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿಯನ್ನೇ ಲೀಡರನ್ನಾಗಿ ಮಾಡುವ ಪದ್ಧತಿಯನ್ನು ನಮ್ಮ ಶಾಲೆಯಲ್ಲಿ ನಾನು ಬಿಡಿಸಿದ್ದಕ್ಕೆ ಕಾರಣ ಇದೇ ಬಗೆಯ ಅನುಭವ.

ಆದರೆ ಆಪತ್ತಿನಲ್ಲಿ ನಾಯಕನು ಹೇಗೆ ನಿಲ್ಲಬೇಕೆಂಬುದು ಅವರಿಗೆ ಗೊತ್ತಿತ್ತು. ೧೯೫೨ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಮೊದಲ ಇನ್ನಿಂಗ್ಸಿನಲ್ಲಿ ಅವರೂ ಇಪ್ಪತ್ತು ವರ್ಷದ ವಿಜಯ ಮಂಜ್ರೇಕರರೂ ೨೨೨ ಕೂಡಿಸಿದರು. ಹಿರಿಯರದು ೮೯, ಕಿರಿಯರದು ೧೩೩. ಎರಡನೆಯ ಇನ್ನಿಂಗ್ಸಿನಲ್ಲಿ ಫ್ರೆಡ್ ಟ್ರೂಮನ್ ಎಂಬ ಹೊಸ ಬೌಲರನು ಬಂದನು. ಹಲಗೆಯ ಮೇಲೆ ರನ್ನು ಸೊನ್ನೆ, ಹೋದ ವಿಕೆಟ್ಟುಗಳು ನಾಲ್ಕು. ಟೆಸ್ಟ್ ಪಂದ್ಯಗಳ ಚರಿತ್ರೆಯಲ್ಲಿ ಅಂತಹ ಆರಂಭವು ಯಾರಿಗೂ ಆಗಿರಲಿಲ್ಲ. ಆಗಲೂ ಒಳಗೆ ನಡೆದು ಬಂದವರು ಹಜಾರೆಯವರೇ. ೨೬ಕ್ಕೆ ಐದನೆಯದೂ ಹೋಯಿತು. ಅಡಿಲೇಡಿನ ಸಂಗಾತಿಯಾದ ಫಡಕರರೊಂದಿಗೆ ೧೦೫ ಕೂಡಿಸಿ, ತಾವು ೫೬ ಮಾಡಿ ಹಿಂದಿರುಗಿದರು. ಆ ಪಂದ್ಯವೂ ಸೋತದ್ದೇ.

೧೯೫೩ರಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ತಂಡವನ್ನು ಕರೆದುಕೊಂಡು ಹೋಗಿ ಬಂದ ಮೇಲೆ ಅವರಿಗೆ ಮತ್ತೆ ಟೆಸ್ಟ್ ಆಡುವ ಕರೆ ಬರಲಿಲ್ಲ. ೩೦ ಟೆಸ್ಟ್ ಪಂದ್ಯಗಳಲ್ಲಿ ಅವರು ೭ ಶತಕಗಳೊಂದಿಗೆ ೨,೧೯೨ ರನ್ನುಗಳನ್ನು ಮಾಡಿದ್ದರು. ಟೆಸ್ಟಿನಲ್ಲಿ ಸಾವಿರ ರನ್ನುಗಳನ್ನು ಪೂರೈಸಿದ ಮೊದಲ ಭಾರತೀಯರೂ ಅವರೇ. ಎಲ್ಲಾ ದೊಡ್ಡ ಪಂದ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ೧೮,೭೪೦ ರನ್ನುಗಳು, ೬೦ ಶತಕಗಳು, ೫೯೫ ವಿಕೆಟ್ಟುಗಳು. ೧೯೬೦ರಲ್ಲಿ ಸರಕಾರದವರು ಅವರಿಗೆ ಪದ್ಮಶ್ರೀ ಬಿರುದನ್ನು ಕೊಟ್ಟು ಗೌರವಿಸಿದರು. ತಮ್ಮ ಜೀವಿತವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಪುಸ್ತಕಗಳನ್ನೂ ಬರೆದರು. ಆಟವನ್ನು ಬಿಟ್ಟ ಮೇಲೆ ಬರೋಡಾದಲ್ಲಿಯೇ ಗದ್ದಲವಿಲ್ಲದೆ ಜೀವಿಸುತ್ತಿದ್ದರು.

೨೦೦೪ನೆಯ ಇಸವಿ ಡಿಸೆಂಬರ್ ೧೮ರಂದು, ಕ್ರಿಸ್ಮಸ್ ಹಬ್ಬಕ್ಕೆ ಒಂದು ವಾರವಿರುವಾಗ, ಕರುಳಿನ ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು ಬರೋಡಾದಲ್ಲಿ ದೇವರ ಸನ್ನಿಧಿಯನ್ನು ಸೇರಿದರು. ಆಗ ಅವರಿಗೆ ವಯಸ್ಸು ೮೯. ಗುಲ್ ಮಹಮ್ಮದರು ಅವರಿಗಿಂತ ಮೊದಲೇ, ೧೯೯೨ರಲ್ಲಿ, ಲಾಹೋರಿನಲ್ಲಿ ತೀರಿಕೊಂಡಿದ್ದರು. ದೇಶವಿಭಾಗವಾದ ಮೇಲೆ ಅವರು ಪಾಕಿಸ್ತಾನಕ್ಕೆ ಹೋಗಿ, ಆ ದೇಶದ ಪರವಾಗಿ ಒಂದು ಟೆಸ್ಟ್ ಪಂದ್ಯವನ್ನು ಆಡಿದ್ದರು. ಇಬ್ಬರ ನಡುವೆ ಗಡಿಯೊಂದು ಬಂದರೂ ದಾಖಲೆಗಳ ಪುಸ್ತಕದಲ್ಲಿ ಅವರ ಹೆಸರುಗಳು ಒಂದೇ ಸಾಲಿನಲ್ಲಿ ಐವತ್ತೊಂಬತ್ತು ವರ್ಷ ಜೊತೆಯಾಗಿದ್ದವು. ೨೦೦೬ರ ಜುಲೈ ತಿಂಗಳಲ್ಲಿ ಕೊಲಂಬೋ ಪಟ್ಟಣದಲ್ಲಿ ಸಿಂಹಳದ ಸಂಗಕ್ಕಾರ, ಜಯವರ್ಧನೆ ಎಂಬವರು ೬೨೪ ರನ್ನುಗಳನ್ನು ಕೂಡಿಸಿ ಆ ೫೭೭ನ್ನು ದಾಟಿದರು. ಅಂದು ಬರೋಡಾದ ಆಟಗಾರರಿಬ್ಬರೂ ಲೋಕದಲ್ಲಿರಲಿಲ್ಲ.